ಹಕ್ಕಿ ಕಂಡ ದಿನವನ್ನು ಬರೆದಿಟ್ಟ ಸಲೀಂ ಅಲಿ

ಚಂದ್ರ ಕಂಡಿತು ಎಂದು ಒಬ್ಬರು ಬಂದು ಹೇಳಿದರೆ ಸಾಕಾಗುವುದಿಲ್ಲ. ಯಾರು ಕಂಡದ್ದು, ಎಲ್ಲಿಂದ ಕಂಡದ್ದು, ಎಷ್ಟು ಹೊತ್ತಿಗೆ ಕಂಡದ್ದು ಎಂದು ವಿಚಾರಿಸಿದ ಮೇಲೆಯೇ ಪೆರ್ನಾಲ್ ಯಾವಾಗ ಎಂಬುದು ನಿಗದಿಯಾಗುವುದು. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಇದು ಗೊತ್ತುಂಟು. ಇದೇ ಮೂರು ಪ್ರಶ್ನೆಗಳನ್ನು ಹಕ್ಕಿಗಳ ವಿಷಯದಲ್ಲಿ ಜೀವಮಾನವಿಡೀ ಕೇಳುತ್ತಾ ಹೋದವರು ಸಲೀಂ ಅಲಿ. ಯಾವ ಹಕ್ಕಿ, ಯಾವ ಊರು, ಯಾವ ತಾರೀಕು. ಕಂಡದ್ದನ್ನು ಅಂದೇ ಪುಸ್ತಕದಲ್ಲಿ ಬರೆದಿಡುವುದು ಅವರ ರೂಢಿ. ಭಾರತದ ಹಕ್ಕಿಮನುಷ್ಯ ಎಂದು ಲೋಕವೇ ಅವರನ್ನು ಕರೆಯಲು ಮುಖ್ಯ ಕಾರಣ ಈ ಒಂದು ಅಭ್ಯಾಸ.

ಇವತ್ತು ಮಳೆ ಹಿಂದೆ ಮುಂದೆ ಆಗಿದೆ, ಮಾವು ಹೂಬಿಡುವ ಕಾಲ ತಪ್ಪಿದೆ, ಮೊದಲು ಬರುತ್ತಿದ್ದ ಹಕ್ಕಿಗಳು ಈಗ ಕಾಣುವುದಿಲ್ಲ ಎಂದು ಎಲ್ಲರೂ ಹೇಳುತ್ತೇವೆ. ಮೊದಲು ಅಂದರೆ ಯಾವ ವರ್ಷ, ಯಾವ ತಿಂಗಳು ಎಂದು ಯಾರಾದರೂ ತಿರುಗಿ ಕೇಳಿದರೆ ಉತ್ತರ ಇಲ್ಲ. ಬರೆದಿಟ್ಟವರು ಇಲ್ಲ. ಸಲೀಂ ಅಲಿಯವರ ಬದುಕನ್ನು ಈಗ ನೆನೆಯಬೇಕಾದದ್ದು ಇದೇ ಕಾರಣಕ್ಕೆ.

ಹಳದಿ ಕೊರಳಿನ ಗುಬ್ಬಿ

ಸಲೀಂ ಮೊಯಿಝುದ್ದೀನ್ ಅಬ್ದುಲ್ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು ಮುಂಬೈಯಲ್ಲಿ, ಸುಲೈಮಾನಿ ಬೊಹ್ರಾ ಮನೆತನದಲ್ಲಿ. ದೊಡ್ಡ ಸಂಸಾರದ ಕೊನೆಯ ಮಗು. ಒಂದು ವರ್ಷ ತುಂಬುವಾಗ ತಂದೆ ತೀರಿಕೊಂಡರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಯತೀಮ ಮಕ್ಕಳನ್ನೆಲ್ಲಾ ಸಾಕಿದವರು ಸೋದರಮಾವ ಅಮೀರುದ್ದೀನ್ ತೈಯಬ್ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಬದ್ರುದ್ದೀನ್ ತೈಯಬ್ಜಿ, ಸ್ವಾತಂತ್ರ್ಯ ಹೋರಾಟಗಾರ ಅಬ್ಬಾಸ್ ತೈಯಬ್ಜಿ ಎಲ್ಲರೂ ಇದೇ ಬಳಗದವರು.

ಅಮೀರುದ್ದೀನ್ ಮಾವನಿಗೆ ಬೇಟೆಯ ಹುಚ್ಚು. ಹುಡುಗನಿಗೂ ಒಂದು ಏರ್‌ಗನ್ ಸಿಕ್ಕಿತು. ಗುಬ್ಬಿ ಹೊಡೆಯುವುದೇ ಆಟ. ಒಂದು ದಿನ ಬಿದ್ದ ಗುಬ್ಬಿಯನ್ನು ಎತ್ತಿ ನೋಡಿದರೆ ಅದರ ಕೊರಳಲ್ಲಿ ಹಳದಿ ಮಚ್ಚೆ. ಮನೆಯ ಗುಬ್ಬಿಗೆ ಹಾಗಿರುವುದಿಲ್ಲ. ಇದನ್ನು ತಿನ್ನಬಹುದೋ ಬಾರದೋ ಎಂಬ ಸಂಶಯ ಬಂದು ಹುಡುಗ ಮಾವನ ಹತ್ತಿರ ತಂದ. ಮಾವನಿಗೂ ಗೊತ್ತಾಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳು ಎಂದು ಚೀಟಿ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಬ್ರಿಟಿಷ್ ಸಾಹೇಬರು ಹುಡುಗನನ್ನು ಗದರಿಸಲಿಲ್ಲ. ಅದು ಹಳದಿ ಕೊರಳಿನ ಕಾಡುಗುಬ್ಬಿ ಎಂದು ಹೇಳಿ, ಕಪಾಟು ತೆರೆದು ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲಾ ತೋರಿಸಿದರು. ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವುದನ್ನು ಕಲಿಸುವ ವ್ಯವಸ್ಥೆಯನ್ನೂ ಮಾಡಿದರು. ಹಲಾಲೋ ಅಲ್ಲವೋ ಎಂಬ ಒಂದು ಸಣ್ಣ ಸಂಶಯದಿಂದ ಶುರುವಾದ ದಾರಿ ಎಂಬತ್ತು ವರ್ಷ ನಡೆಯಿತು.

ಅದಕ್ಕೂ ಮುಂಚಿನ ಒಂದು ಸಂಗತಿ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದು. 1906–07ರ ಸುಮಾರಿಗೆ, ಹತ್ತು ವರ್ಷದ ಹುಡುಗ ಕುದುರೆಲಾಯದ ಗೋಡೆಯಲ್ಲಿದ್ದ ಗುಬ್ಬಿಗೂಡೊಂದನ್ನು ಗಮನಿಸುತ್ತಿದ್ದ. ಒಳಗೆ ಹೆಣ್ಣು, ಹೊರಗೆ ಕಾವಲಿಗೆ ಗಂಡು. ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕೂತಿತು. ಅದನ್ನೂ ಹೊಡೆದ. ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿ. ಇಂದು ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ, ನಿಜ. ಹಾಗಂತ ಹುಡುಗ ಅದನ್ನು ಬರೀ ಬೇಟೆಯ ಲೆಕ್ಕವಾಗಿ ಬಿಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ. ಸುಮಾರು 60 ವರ್ಷಗಳ ನಂತರ ಆ ಟಿಪ್ಪಣಿ ಹಕ್ಕಿವೀಕ್ಷಕರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಗುಬ್ಬಿಗಳ ಸಂಸಾರದ ಬಗ್ಗೆ ಅದೂ ಒಂದು ಸಾಕ್ಷಿಯಾಯಿತು. ಬರೆದಿಡದಿದ್ದರೆ ಅದು ಒಂದು ಹುಡುಗಾಟ ಆಗಿ ಮುಗಿದುಹೋಗುತ್ತಿತ್ತು.

ಡಿಗ್ರಿ ಇಲ್ಲದವನಿಗೆ ಕೆಲಸ ಇಲ್ಲ

ಓದಿನಲ್ಲಿ ಸಲೀಂ ಮುಂದೆ ಇದ್ದವರಲ್ಲ. ಸದಾ ತಲೆನೋವು. ಒಣಹವೆಯಲ್ಲಿ ವಾಸಿಯಾದೀತು ಎಂದು 13ನೇ ವಯಸ್ಸಿನಲ್ಲಿ ಸಿಂಧ್‌ನಲ್ಲಿದ್ದ ಸಂಬಂಧಿಕರ ಮನೆಗೆ ಕಳಿಸಿದ್ದೂ ಉಂಟು. 1913ರಲ್ಲಿ ಮೆಟ್ರಿಕ್ ಹೇಗೋ ಪಾಸಾಯಿತು. ಕಾಲೇಜಿಗೆ ಸೇರಿ ಅರ್ಧಕ್ಕೆ ಬಿಟ್ಟು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ. ಮನಸ್ಸು ಲೆಕ್ಕಪತ್ರದಲ್ಲಿ ನಿಲ್ಲಲಿಲ್ಲ, ಸುತ್ತಲಿನ ಕಾಡಿನಲ್ಲಿ ನಿಂತಿತು. ದೂರದ ಊರಿನ ವ್ಯಾಪಾರಕ್ಕೆ ಹೋಗಿ ಕೈ ಸುಟ್ಟುಕೊಂಡು ಬಂದವರ ಕಷ್ಟ ನಮ್ಮ ಕರಾವಳಿಯ ಮನೆಗಳಿಗೆ ಹೊಸತಲ್ಲ. ಅವರಿಗೂ ಹಾಗೇ ಆಯಿತು. ವ್ಯಾಪಾರ ನಷ್ಟಕ್ಕೆ ಬಿತ್ತು.

1918ರ ಡಿಸೆಂಬರಿನಲ್ಲಿ ತೆಹಮೀನಾ ಅವರೊಂದಿಗೆ ಮದುವೆ. ಮುಂಬೈಯಲ್ಲಿ ಕೆಲಸ ಹುಡುಕುವಾಗ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿಯಿತ್ತು. ಪದವಿ ಇಲ್ಲ ಎಂಬ ಕಾರಣಕ್ಕೆ ಅದು ಅವರಿಗೆ ಸಿಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ನೋಡಲು ಬಂದವರಿಗೆ ವಿವರಿಸಿ ಹೇಳುವ ಕೆಲಸ ಸಿಕ್ಕಿತು. ಎರಡು ವರ್ಷದಲ್ಲಿ ರಜೆ ಹಾಕಿ ಜರ್ಮನಿಗೆ ಹೋಗಿ ಬರ್ಲಿನ್‌ನಲ್ಲಿ ಸ್ಟ್ರೆಸೆಮನ್ ಎಂಬ ದೊಡ್ಡ ವಿದ್ವಾಂಸರ ಬಳಿ ಕಲಿತರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಬಿಡುವ ವಿದ್ಯೆಯನ್ನೂ ನೋಡಿ ಬಂದರು. 1930ರಲ್ಲಿ ಊರಿಗೆ ಬಂದರೆ ಮ್ಯೂಸಿಯಮ್ಮಿನಲ್ಲಿ ದುಡ್ಡಿಲ್ಲ ಎಂದು ಅವರ ಹುದ್ದೆಯನ್ನೇ ತೆಗೆದುಹಾಕಿದ್ದರು.

ಕಿಹಿಮ್‌ನ ಮಳೆಗಾಲ

ಕೆಲಸ ಇಲ್ಲದ ಗಂಡನನ್ನು ಕರೆದುಕೊಂಡು ತೆಹಮೀನಾ ಹೋದದ್ದು ಕಿಹಿಮ್‌ಗೆ. ಮುಂಬೈಯಿಂದ ಕಡಲಾಚೆ, ಅಲಿಬಾಗ್ ಹತ್ತಿರದ ಸಣ್ಣ ಊರು. ತೆಂಗು, ಮಾವು, ಗದ್ದೆ, ಜೂನ್‌ನಲ್ಲಿ ಅಪ್ಪಳಿಸುವ ಮಳೆ. ನಮ್ಮ ಕರಾವಳಿಯನ್ನೇ ಸ್ವಲ್ಪ ಉತ್ತರಕ್ಕೆ ತಂದಿಟ್ಟ ಹಾಗಿನ ಜಾಗ. ಮನೆಯ ಹತ್ತಿರದಲ್ಲೇ ಗೀಜಗನ ಗೂಡುಗಳ ಗುಂಪು ಇತ್ತು.

ಗೀಜಗನ ಗೂಡನ್ನು ನೋಡದವರು ಯಾರಿದ್ದಾರೆ? ತಾಳೆ ಮರದಲ್ಲಿ, ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ ಸೋರೆಕಾಯಿಯಂತೆ ನೇತಾಡುವ ಗೂಡು. ಎಲ್ಲರೂ ನೋಡಿದ್ದಾರೆ, ಆದರೆ ದಿನವೂ ಒಂದೇ ಗೂಡನ್ನು ನೋಡಿದವರಿಲ್ಲ. ಅರ್ಧ ಕಟ್ಟಿ ಬಿಟ್ಟ ಗೂಡುಗಳು ಅಷ್ಟೊಂದು ಯಾಕೆ ಎಂಬುದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಸಲೀಂ ಅಲಿ ಆ ಮಳೆಗಾಲವಿಡೀ ಕೂತು ಗೂಡು ಗೂಡಿನ ಲೆಕ್ಕ ಬರೆದರು. ಮಳೆ ಬಂದು ಹುಲ್ಲು, ಪೈರು ಬೆಳೆದು ಸೀಳಲು ಎಳೆ ಸಿಕ್ಕಿದ ಮೇಲೆ ಗಂಡು ನೇಯಲು ಶುರು ಮಾಡುತ್ತದೆ. ಅರ್ಧ ಆದಾಗ ಹೆಣ್ಣುಗಳು ಬಂದು ಪರೀಕ್ಷೆ ಮಾಡುತ್ತವೆ. ಒಪ್ಪಿದರೆ ಹೆಣ್ಣು ಒಳಗೆ ಸೇರುತ್ತದೆ, ಗಂಡು ಗೂಡು ಪೂರ್ತಿ ಮಾಡುತ್ತದೆ. ಆ ಮೇಲೆ ಸುಮ್ಮನಿರದೆ ಇನ್ನೊಂದು ಗೂಡು ಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಯಾರೂ ಒಪ್ಪದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಈ ಲೇಖನ 1931ರಲ್ಲಿ ಪ್ರಕಟವಾಗಿ ವಿದ್ವಾಂಸರ ಲೋಕದಲ್ಲಿ ಅವರಿಗೆ ಹೆಸರು ತಂದಿತು. ಇದಕ್ಕೆ ಪ್ರಯೋಗಾಲಯ ಬೇಕಾಗಲಿಲ್ಲ, ಸಂಬಳವೂ ಇರಲಿಲ್ಲ. ಬೇಕಾದದ್ದು ತಾಳ್ಮೆ ಮತ್ತು ಒಂದು ಪೆನ್ಸಿಲು, ಅಷ್ಟೆ.

ಅದೇ ಕೊಂಕಣದಲ್ಲಿ ಮಾವಿನ ಮರಕ್ಕೆ ಅಂಟುವ ಬಂದಳಿಕೆಯನ್ನೂ ನೋಡಿದರು. ನಮ್ಮ ತೋಟದವರಿಗೆ ಅದರ ಕಾಟ ಗೊತ್ತೇ ಇದೆ. ಅದರ ಹೂವಿಗೆ ಸೂರಕ್ಕಿ ಬರುವುದು, ಹಣ್ಣು ತಿಂದ ಪುಟ್ಟ ಹಕ್ಕಿ ಅಂಟಿನ ಬೀಜವನ್ನು ಪಕ್ಕದ ಕೊಂಬೆಗೆ ದಾಟಿಸುವುದು, ಹೂವಿನ ಕಾಲಕ್ಕೂ ಹಕ್ಕಿಯ ಓಡಾಟಕ್ಕೂ ಇರುವ ನಂಟು, ಎಲ್ಲವನ್ನೂ ಬರೆದರು. ಗಿಡದ ಕಾಲ, ಹುಳದ ಕಾಲ, ಹಕ್ಕಿಯ ಕಾಲ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ತಪ್ಪಿದರೆ ಉಳಿದದ್ದೂ ತಪ್ಪುತ್ತದೆ.

ಮೈಸೂರು ಸಂಸ್ಥಾನದ ಸಮೀಕ್ಷೆ

ಆಮೇಲೆ ಅವರು ಸಂಸ್ಥಾನಗಳ ಬಾಗಿಲು ತಟ್ಟಿದರು. ಸಂಬಳ ಬೇಡ, ಓಡಾಟದ ಖರ್ಚು ಕೊಡಿ, ನಿಮ್ಮ ರಾಜ್ಯದ ಹಕ್ಕಿಗಳ ಲೆಕ್ಕ ಮಾಡಿಕೊಡುತ್ತೇನೆ ಎಂಬ ಕರಾರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ಮುಗಿಯಿತು. ಡೇರೆ ಹಾಕಿ ಕೂರುವಾಗ, ಎತ್ತಿನಗಾಡಿಯಲ್ಲಿ ಸಾಮಾನು ಸಾಗಿಸುವಾಗ ತೆಹಮೀನಾ ಜೊತೆಗಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ರಕ್ತಕ್ಕೆ ನಂಜೇರಿ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗುವ ಮನೆ ಅಕ್ಕ ಕಮ್ಮೂ ಮತ್ತು ಭಾವನದ್ದಾಯಿತು.

ಆ ದುಃಖದ ಬೆನ್ನಿಗೇ, ಅದೇ ವರ್ಷದ ಕೊನೆಗೆ, ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಚಮಚಕೊಕ್ಕು, ಕೆಂಬರಲುಗಳು ಗೂಡು ಕಟ್ಟುವುದನ್ನು ಅವರು ಗುರುತಿಸಿ ಒಡೆಯರ ಆಡಳಿತಕ್ಕೆ ಮನವರಿಕೆ ಮಾಡಿದ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಶಾಲೆಯ ಪ್ರವಾಸದಲ್ಲಿ ದೋಣಿಯಲ್ಲಿ ಕೂತು ಹಕ್ಕಿ ನೋಡಿ ಬರುವ ನಮ್ಮ ಮಕ್ಕಳಿಗೆ ಈ ಹೆಸರು ತಿಳಿದಿರಬೇಕು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಭೂಮಿಯೂ ಆಯಿತು.

ಈ ಸಮೀಕ್ಷೆಗಳ ಬೆಲೆ ತಿಳಿದದ್ದು ಬಹಳ ತಡವಾಗಿ. ತಿರುವಾಂಕೂರು–ಕೊಚ್ಚಿಯಲ್ಲಿ ಅವರು 1933ರಲ್ಲಿ ಡೇರೆ ಹಾಕಿದ ಜಾಗಗಳಿಗೇ ಕೇರಳದ ಹಕ್ಕಿವೀಕ್ಷಕರು 2009ರಲ್ಲಿ ಮತ್ತೆ ಹೋಗಿ ಲೆಕ್ಕ ಹಾಕಿದರು. ಅಂದು ಏನಿತ್ತು, ಇಂದು ಏನಿದೆ ಎಂದು ಎದುರುಬದುರು ಇಟ್ಟು ನೋಡಲು ಸಾಧ್ಯವಾದದ್ದು ಆತ ಜಾಗ ಮತ್ತು ತಾರೀಕು ಬರೆದಿಟ್ಟಿದ್ದರಿಂದ.

ಗಡಿಯಾಚೆ ಉಳಿದ ಜಮಖಂಡಿ

ಸಂಸ್ಥಾನಗಳ ಸಮೀಕ್ಷೆಗೆ ಒಂದು ಮಿತಿ ಇತ್ತು. ಅದು ರಾಜರ ಗಡಿಯೊಳಗೆ ನಡೆಯುವಂಥದ್ದು. ಮೈಸೂರು ಸಮೀಕ್ಷೆ ನಡೆಯುವಾಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದ್ದು, ಬೀಳಗಿ ಮುಂಬೈ ಪ್ರಾಂತಕ್ಕೆ ಸೇರಿದ್ದು. ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಹೀಗಾಗಿ ಇಂದಿನ ಕರ್ನಾಟಕದ ಹಕ್ಕಿಗಳ ಕತೆಯಲ್ಲಿ ಮೈಸೂರಿನ ಪುಟಕ್ಕೆ ಸಿಕ್ಕಿದ ಜಾಗ ಈ ಕಡೆಗೆ ಸಿಗಲಿಲ್ಲ. ಹಕ್ಕಿಗಳಿಗೆ ರಾಜರ ಗಡಿ ಎಲ್ಲಿಯದು? ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಸೀಮೆಗೆ ಅವು ಪ್ರತಿ ವರ್ಷ ಬರುತ್ತಲೇ ಇದ್ದವು, ಈಗಲೂ ಬರುತ್ತವೆ.

ಗುಲಾಬಿ ಕಬ್ಬಕ್ಕಿಯನ್ನೇ ತೆಗೆದುಕೊಳ್ಳಿ. ಮಧ್ಯ ಏಷ್ಯಾದಲ್ಲಿ ಮಿಡತೆಗಳ ಕಾಲ ನೋಡಿಕೊಂಡು ಮರಿ ಮಾಡುವ ಈ ಹಕ್ಕಿ ಜುಲೈ ಕೊನೆಯಿಂದಲೇ ಭಾರತಕ್ಕೆ ಇಳಿಯಲು ಶುರು ಮಾಡುತ್ತದೆ, ಏಪ್ರಿಲ್ ಹೊತ್ತಿಗೆ ಮರಳುತ್ತದೆ ಎಂದು ಸಲೀಂ ಅಲಿ ಬರೆದಿದ್ದಾರೆ. ಉತ್ತರ ಕರ್ನಾಟಕದ ಬಿಳಿಜೋಳದ ಹೊಲಗಳ ಮೇಲೆ ಮೋಡದಂತೆ ಎದ್ದು ಇಳಿಯುವ ಹಿಂಡು ಇದರದ್ದೇ. ಮುತ್ತುಗ, ಬೂರುಗ ಹೂವಾದಾಗ ಮಕರಂದಕ್ಕೂ ಮುಗಿಬೀಳುತ್ತದೆ. ಜಮಖಂಡಿ, ಮುಧೋಳದ ಕಡೆ ನೀರಾವರಿ ಬಂದು ಕಬ್ಬು ಹಬ್ಬಿದೆ. ಜೋಳದ ಹೊಲ ಕಬ್ಬಿನ ಗದ್ದೆ ಆದಾಗ ಈ ಹಿಂಡು ಬರುವ ದಿನ, ಇರುವ ದಿನ ಬದಲಾಯಿತೇ? ಹೇಳಬಲ್ಲವರು ಅಲ್ಲಿನ ರೈತರು, ಅಲ್ಲಿನ ಮನೆಯವರು ಮಾತ್ರ.

ಘಟಪ್ರಭೆಯ ಮೇಲ್ಭಾಗದಲ್ಲಿ ಗೋಕಾಕ ಹತ್ತಿರದ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ದೂರದೇಶದ ಕ್ರೌಂಚಗಳು ಬರುತ್ತವೆ. ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಇಳಿಯುತ್ತವೆ. ಬೀಳಗಿ, ಮುಧೋಳ ತಾಲೂಕುಗಳ ಯಡಹಳ್ಳಿ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಧಾಮ ಆಯಿತು. ರಬಕವಿ–ಬನಹಟ್ಟಿ ನೇಕಾರರ ಊರು, ಗೀಜಗನೂ ನೇಕಾರನೇ. ಮಗ್ಗದ ಮನೆಯ ಅಂಗಳದಿಂದ ಕಾಣುವ ಜಾಲಿ ಮರದಲ್ಲಿ ಗೀಜಗ ಮೊದಲ ಎಳೆ ಹಾಕಿದ ದಿನ ಯಾವುದು ಎಂದು ಬರೆದಿಟ್ಟರೆ ಆ ವರ್ಷದ ಮುಂಗಾರಿನ ಒಂದು ಸಾಕ್ಷಿ ಉಳಿಯಿತು ಎಂದೇ ಲೆಕ್ಕ.

ಉಂಗುರ ತೊಟ್ಟ ಹಕ್ಕಿಗಳು

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಹಿಡಿಯಿತು. ಮಂಗನ ಕಾಯಿಲೆ ಎಂದು ಈಗಲೂ ಮಲೆನಾಡಿನವರು ಹೆದರುವ ರೋಗ. ಅದರ ವೈರಸ್ಸು ರಷ್ಯಾದ ಕಡೆಯ ಒಂದು ರೋಗದ ವೈರಸ್ಸಿನ ಸಂಬಂಧಿ ಎಂದು ಗೊತ್ತಾದಾಗ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಕೈಗೆತ್ತಿಕೊಂಡರು. ಶಂಕೆಗೆ ಗಟ್ಟಿ ಆಧಾರ ಸಿಗಲಿಲ್ಲ. ಆದರೆ ಯಾವ ಹಕ್ಕಿ ಯಾವ ದೇಶದಿಂದ ಯಾವಾಗ ಬರುತ್ತದೆ ಎಂಬ ಅಂದಾಜಿನ ಮಾತುಗಳ ಜಾಗಕ್ಕೆ ಖಚಿತ ಲೆಕ್ಕ ಬರಲು ಶುರುವಾಯಿತು. ಮಂಗೋಲಿಯಾದಲ್ಲಿ ಗುರುತುಪಟ್ಟಿ ಹಾಕಿದ ಹೆಬ್ಬಾತು ನಮ್ಮ ಮೈಸೂರು ಕಡೆಯ ಕೆರೆಯಲ್ಲಿ ಕಂಡಾಗ ಅದರ ಊರು ಹೇಳಲು ಸಾಧ್ಯವಾಗುವುದು ಇಂಥ ಕೆಲಸದಿಂದಲೇ.

ಇನ್ನೊಂದು ಕಡೆಯಿಂದ ಅವರು ಸಾಮಾನ್ಯರನ್ನು ಒಳಗೆ ಕರೆದರು. 1941ರಲ್ಲಿ ಬಂದ ಅವರ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ವಿದ್ವಾಂಸರಿಗಲ್ಲ, ಕಿಟಕಿಯಿಂದ ಹಕ್ಕಿ ನೋಡುವವರಿಗೆ. ಬಣ್ಣದ ಚಿತ್ರ, ಗಾತ್ರ, ಕೂಗು, ಗೂಡು ಕಟ್ಟುವ ತಿಂಗಳು ಎಲ್ಲಾ ಉಂಟು. ಅವರ ಬಳಗದ ಜಫರ್ ಫತೇಹಲ್ಲಿ 1960ರಲ್ಲಿ ಹಕ್ಕಿವೀಕ್ಷಕರಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿದರು. ಮೇಲೆ ಹೇಳಿದ ಗುಬ್ಬಿಯ ಟಿಪ್ಪಣಿ ಅಚ್ಚಾದದ್ದು ಅದರಲ್ಲೇ. ಮೇಷ್ಟ್ರು, ಡಾಕ್ಟರು, ಗುಮಾಸ್ತರು, ತೋಟದ ಯಜಮಾನರು ಕಂಡದ್ದನ್ನು ಬರೆದು ಕಳಿಸತೊಡಗಿದರು. ಇಂದು ಆ ದಾರಿ ಹೆದ್ದಾರಿಯಾಗಿದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 30,000ಕ್ಕೂ ಹೆಚ್ಚು ಜನಸಾಮಾನ್ಯರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಮೇಲೆ ನಿಂತಿದೆ, 942 ಜಾತಿಯ ಹಕ್ಕಿಗಳನ್ನು ಅದು ಪರಿಶೀಲಿಸಿದೆ. ಮರಗಳಿಗೂ ಇಂಥದ್ದೇ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಇದೆ. ವಾರಕ್ಕೊಮ್ಮೆ ಅದೇ ಮರದ ಚಿಗುರು, ಹೂ, ಕಾಯಿ ನೋಡಿ ಬರೆಯುವುದು. ಕೇರಳದ ಶಾಲಾ ಮಕ್ಕಳು ಇದರಲ್ಲಿ ಮುಂದಿದ್ದಾರೆ.

ನಮ್ಮ ಅಂಗಳದ ಲೆಕ್ಕ

ಇದರಲ್ಲಿ ನಮಗೊಂದು ವಿಷಯ ನೆನಪಿರಬೇಕು. ನಾವು ಎರಡು ಕ್ಯಾಲೆಂಡರ್ ನೋಡುವವರು. ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದು, ಆದ್ದರಿಂದ ರಮಳಾನ್ ಒಮ್ಮೆ ಸೆಖೆಗಾಲದಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುತ್ತದೆ. ಮರ, ಹಕ್ಕಿಗಳು ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಆ ವರ್ಷದ ಉಪವಾಸದ ಹೊತ್ತಿಗೆ ಹಲಸು ಆಗಿತ್ತು ಎಂಬ ಅಜ್ಜಿಯ ನೆನಪು ಚಂದವೇ. ಅದರ ಪಕ್ಕದಲ್ಲಿ ಇಸವಿ, ತಿಂಗಳು, ತಾರೀಕು ಬರೆದರೆ ಮಾತ್ರ ಅದು ಇನ್ನೊಬ್ಬರ ಲೆಕ್ಕಕ್ಕೂ ಬರುತ್ತದೆ.

ಕರಾವಳಿಯಲ್ಲಿ ಏನು ನೋಡಬಹುದು? ಚಳಿಗಾಲಕ್ಕೆ ತೋಟಕ್ಕೆ ಇಳಿಯುವ ನವರಂಗ. ಬಾಲ ಕುಣಿಸುತ್ತಾ ಅಂಗಳಕ್ಕೆ ಬರುವ ಬೂದು ಸಿಪಿಲೆ. ಗೇರು, ಮಾವು ಹೂವಾದ ದಿನ. ಜಮಖಂಡಿ ಕಡೆಯವರಿಗೆ ಬೇವಿನ ಹೂ, ಮುತ್ತುಗದ ಹೂ, ಕಬ್ಬಕ್ಕಿಯ ಹಿಂಡು, ಮುಂಗಾರಿನ ಗಾಳಿಯ ಜೊತೆ ಆಫ್ರಿಕಾದಿಂದ ಬರುವ ಚಾತಕ. ದಕ್ಷಿಣದಲ್ಲಿ ವರ್ಷವಿಡೀ ಇರುವ ಚಾತಕಗಳೂ ಉಂಟು, ಹಾಗಾಗಿ ಒಂದು ದಿನದ ನೋಟ ಸಾಲದು, ವರ್ಷಾನುವರ್ಷದ ಲೆಕ್ಕ ಬೇಕು. ಕಾಣಲಿಲ್ಲ ಎಂಬುದನ್ನೂ ಬರೆಯಬೇಕು. ಅದೂ ಒಂದು ದಾಖಲೆ. ಮನೆಯಲ್ಲೇ ಇರುವ ಉಮ್ಮನಿಗೆ, ಶಾಲೆಗೆ ನಡೆದು ಹೋಗುವ ಮಗಳಿಗೆ ಇದು ಯಾವ ವಿಜ್ಞಾನಿಗಿಂತಲೂ ಸುಲಭ. ಒಂದೇ ಮರವನ್ನು ದಿನವೂ ನೋಡುವವರು ಅವರೇ ಅಲ್ವಾ?

ಸಲೀಂ ಅಲಿಗೆ ಗೌರವಗಳು ತಡವಾಗಿ, ಆದರೆ ಧಾರಾಳವಾಗಿ ಬಂದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮಕರಣ. ಪದವಿ ಇಲ್ಲ ಎಂದು ಕೆಲಸ ಸಿಗದಿದ್ದ ಮನುಷ್ಯನಿಗೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. ಅಮೆರಿಕದ ಡಿಲ್ಲನ್ ರಿಪ್ಲಿ ಜೊತೆ ಸೇರಿ 1968ರಿಂದ 1974ರವರೆಗೆ ಭಾರತ, ಪಾಕಿಸ್ತಾನದ ಹಕ್ಕಿಗಳ ಮೇಲೆ 10 ಸಂಪುಟಗಳನ್ನು ತಂದರು. ಗೆಟ್ಟಿ ಪ್ರಶಸ್ತಿಯ ದುಡ್ಡನ್ನು ಪ್ರಕೃತಿ ರಕ್ಷಣೆಯ ನಿಧಿಗೆ ಹಾಕಿದರು. ಭರತಪುರದ ಕೆರೆ, ಕೇರಳದ ಸೈಲೆಂಟ್ ವ್ಯಾಲಿ ಉಳಿಯಬೇಕೆಂದು ದನಿ ಎತ್ತಿದರು. 1985ರಲ್ಲಿ ಬಂದ ಆತ್ಮಕತೆಗೆ ಹೆಸರು ಕೊಟ್ಟದ್ದೂ ಆ ಬಾಲ್ಯದ ಗುಬ್ಬಿಯೇ. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರು ವರ್ಷದ ಬಳಿಕ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಶುರುವಾಯಿತು.

ಕುದುರೆಲಾಯದ ಗುಬ್ಬಿಗಳನ್ನು ನೋಡಿ ಬರೆಯುವಾಗ ಅವರು ಹತ್ತು ವರ್ಷದ ಯತೀಮ ಹುಡುಗ. ಅದು ಯಾರಿಗೆ, ಯಾವಾಗ ಉಪಯೋಗಕ್ಕೆ ಬಂದೀತು ಎಂದು ಆಗ ಅವರಿಗೂ ಗೊತ್ತಿರಲಿಲ್ಲ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿರುತ್ತವೆ. ಈ ವಾರ ಅಂಗಳದಲ್ಲಿ ಏನು ಹೂಬಿಟ್ಟಿದೆ, ಯಾವ ಹಕ್ಕಿ ಬಂದಿದೆ ಎಂದು ತಾರೀಕು ಹಾಕಿ ಬರೆದಿಡಲು ಅಷ್ಟು ಸಾಕು.